ದೊರೆಸಾನಿಗೆ ಐದು ಗೆರೆ

ಶುಕ್ರವಾರ, ೯ ಆಗಸ್ಟ್
ಮಧ್ಯಾಹ್ನ, ಬೆಕ್ಕು ಮಲಗಿರುವ ಹೊತ್ತು

ನನ್ನ ಜಗಳಗಂಟಿ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನೀನು ಸೌಖ್ಯವೆಂದು ಭಾವಿಸಿ ಬರೆಯುತ್ತಿಲ್ಲ, ಕೆಂಡವಾಗಿದ್ದೀ ಎಂದು ತಿಳಿದೇ ಬರೆಯುತ್ತಿದ್ದೇನೆ. ಮಂಗಳವಾರದಿಂದ ನಿನ್ನ ಒಂದು ಮೆಸೇಜಿಗೂ ಉತ್ತರ ಕೊಡಲಿಲ್ಲ, ಅದಕ್ಕೆ ಬೇಸರಿಸಬೇಡ. ಫೋನಿನಲ್ಲಿ ನಾನು ಒಂದು ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ನೀನು ಮೂರು ಆಡಿ ಮುಗಿಸಿರುತ್ತೀ. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವಂತಿಲ್ಲ. ಎದುರುಮನೆಯ ಟೇಲರು ನಾಳೆ ಗುಂಡಿ, ಜಿಪ್ಪು ತರಲು ನಿಮ್ಮ ಬೀದಿಯ ಕಡೆ ಬರುತ್ತಾನಂತೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಪೂರ್ತಿ ಓದು. ಓದಿದ ಮೇಲೂ ಭಾನುವಾರ ಬೆಕ್ಕಿನ ಬುಟ್ಟಿ ಹಿಡಿದು ಬಂದು ದೊರೆಸಾನಿಯನ್ನು ನಿಮ್ಮ ಮನೆಗೆ ಎತ್ತಿಕೊಂಡು ಹೋಗುವುದೇ ಸರಿ ಎಂದರೆ ಆಗ ಕೂತು ಜಗಳವಾಡೋಣ.

ಮೊದಲು ನಿನಗೆ ಬೇಕಾದ ಸುದ್ದಿ. ದೊರೆಸಾನಿ ಬದುಕಿದ್ದಾಳೆ. ಬದುಕಿದ್ದಾಳೆ ಏನು, ಇವತ್ತು ಬೆಳಿಗ್ಗೆ ಕಿವಿಗೆ ಸೂಜಿ ತಾಗಿಸಿದ್ದಕ್ಕೆ ನನ್ನ ಹೆಬ್ಬೆರಳು ಕಚ್ಚಿದಳು. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಕಾರಣ ಆ ಬ್ಯಾಂಡೇಜು, ವಯಸ್ಸಲ್ಲ.

ನೀನು ಹೇಳುತ್ತೀ, "ಅಪ್ಪ, ಅದರಲ್ಲೇನಿದೆ, ಕಿವಿ ಅಂಚಿಗೆ ಚುಚ್ಚು, ಒಂದು ಹನಿ ರಕ್ತ ಸ್ಟ್ರಿಪ್‌ಗೆ ಮುಟ್ಟಿಸು, ಶುಗರ್ ನಂಬರ್ ಬರುತ್ತೆ." ಆಹಾ! ಕಾರು ಕಲಿಸುವವಳ ಮಾತು. ಕಲಿಯುವವನು ಎಡವಟ್ಟು ಮಾಡಿದರೆ ನಿನ್ನ ಕಾಲಡಿ ಇನ್ನೊಂದು ಬ್ರೇಕ್ ಇರುತ್ತದೆ. ಇಲ್ಲಿ ಯಾವ ಬ್ರೇಕಿದೆ? ಬೆಚ್ಚಗಿನ ಬಟ್ಟೆ ಒತ್ತಿ ಕಿವಿಗೆ ರಕ್ತ ಬರಿಸಬೇಕು. ಬಟ್ಟೆ ತರುವಷ್ಟರಲ್ಲಿ ಅವಳು ಮಂಚದ ಕೆಳಗೆ, ಗೋಡೆಯ ಮೂಲೆಗೆ. ನಾನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, "ಬಾರೇ ತಾಯಿ, ಬಾರೇ ನನ್ನ ಅಮ್ಮ" ಎಂದು ಗೋಗರೆಯಬೇಕು. ಎಳೆದು ತಂದು ಚುಚ್ಚಿದರೆ ಹನಿ ಬರುವುದಿಲ್ಲ. ಬಂದರೆ ತಲೆ ಕೊಡವುತ್ತಾಳೆ, ಹನಿ ನನ್ನ ಅಂಗಿಗೆ. ಸ್ಟ್ರಿಪ್ಪಿಗೆ ತಾಗಿತೋ, ಆ ಮೀಟರು 'ಎರರ್' ಎಂದು ಕೂರುತ್ತದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಗಾದೆ ಮಾಡಿದ ಪುಣ್ಯಾತ್ಮ ಅಷ್ಟಕ್ಕೇ ಬಿಟ್ಟ. ಬೆಕ್ಕಿನ ಕಿವಿಗೆ ಸೂಜಿ ಚುಚ್ಚುವವರು ಯಾರು ಎಂದು ಕೇಳಿದ್ದರೆ ನನ್ನ ವಿಳಾಸ ಕೊಡುತ್ತಿದ್ದೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದರು, ಪೇಷೆನ್ಸ್ ಈಸ್ ಬಿಟರ್, ಬಟ್ ಇಟ್ಸ್... ಫ್ರೂಟೋ ರೂಟೋ ಏನೋ ಒಂದು, ಈಸ್ ಸ್ವೀಟ್ ಅಂತ. ಸ್ವೀಟ್ ಎನ್ನುವುದೇ ಈ ಮನೆಯಲ್ಲಿ ಈಗ ಬೈಗುಳ.

ಇಷ್ಟೆಲ್ಲ ಹೋರಾಡಿ ನಂಬರು ನೋಡಿದರೆ ನಾನೂರರ ಹತ್ತಿರ. ಎರಡು ಯೂನಿಟ್ ಇನ್ಸುಲಿನ್ ಕೊಡಿ ಎಂದಿದ್ದರು ಪ್ರಾಣಿಗಳ ಡಾಕ್ಟರಮ್ಮ. ಕೊಟ್ಟೆ. ಇಳಿಯಲಿಲ್ಲ. ಮೂರು ಎಂದರು. ಇಳಿಯಲಿಲ್ಲ. ನಾಲ್ಕು, ಆಮೇಲೆ ಐದು. ಬೆಳಿಗ್ಗೆ ಸಂಜೆ, ಊಟವಾದ ಮೇಲೆ, ಕತ್ತಿನ ಹಿಂದಿನ ಚರ್ಮ ಎತ್ತಿ, ಗಡಿಯಾರ ತಪ್ಪಿದರೂ ನಾನು ತಪ್ಪದೆ ಕೊಟ್ಟೆ. ಅವಳು ಬಕೆಟ್‌ಗಟ್ಟಲೆ ನೀರು ಕುಡಿಯುವುದು, ಮೂಳೆ ಎಣಿಸುವಷ್ಟು ಸೊರಗುವುದು ನಿಲ್ಲಲಿಲ್ಲ. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. "ಅಂಕಲ್, ಬೇಜಾರಾಗ್ಬೇಡಿ. ಮನೇಲಿ ಯಾರಾದ್ರೂ ಕದ್ದು ತಿನ್ನಿಸ್ತಿದಾರಾ?"

ಮನೆಯಲ್ಲಿ ಇರುವವನು ನಾನೊಬ್ಬ. ನಾನಲ್ಲ. ಹಾಗಾದರೆ ಟೇಲರು! ಅವನ ಹೊಲಿಗೆ ಮಿಷನ್ನಿನ ಕೆಳಗೆ ಇವಳು ಆಗಾಗ ಹೋಗಿ ಕೂರುವುದುಂಟು. ನೆಟ್ಟಗೆ ಹೋಗಿ ಗಿರಾಕಿಗಳ ಎದುರೇ ಕೇಳಿಬಿಟ್ಟೆ.

ಅವನು ಕತ್ತರಿ ಕೆಳಗಿಟ್ಟ. "ಏನ್ ಯಜಮಾನ್ರೇ, ನನ್ನ ಹೆಂಡ್ತಿ ನನಗೇ ಎರಡನೇ ಸಲ ಬಡಿಸಲ್ಲ, ನಿಮ್ಮ ಮಹಾರಾಣಿಗೆ ಬಡಿಸ್ತಾಳಾ? ಕದ್ದು ತಿಂದ ಬೆಕ್ಕು ಹೀಗಿರುತ್ತಾ? ಅದರ ಸೊಂಟ ನೋಡಿ, ಎರಡಿಂಚು ಒಳಕ್ಕೆ ಹೋಗಿದೆ. ನಾನಾಗಿದ್ರೆ ಎರಡೂ ಕಡೆ ಹಿಡಿದು ಹೊಲಿಗೆ ಹಾಕ್ತಿದ್ದೆ."

ಗಿರಾಕಿಗಳು ನಕ್ಕರು. ನಾನು ಮೈಯೆಲ್ಲ ಉರಿದುಕೊಂಡು ವಾಪಸು ಬಂದೆ. ಮಾತುಕತೆ ಬಂದ್.

ಈಗ ಮಂಗಳವಾರದ ಕತೆ. ಡಾಕ್ಟರಮ್ಮ ನಿನಗೆ ಹೇಳಿದ್ದಾರೆ, ಆದರೂ ನನ್ನ ಬಾಯಿಂದ ಕೇಳು.

ಇಷ್ಟು ದಿನ ನಾನು ಬಳಸಿದ್ದು ನಿಮ್ಮಮ್ಮನ ಸಿರಿಂಜುಗಳನ್ನು. ಅವಳು ಹೋದ ಮೇಲೆ ಬೀರುವಿನಲ್ಲಿ ಮಿಕ್ಕಿದ್ದವು, ಒಡೆಯದ ಪ್ಯಾಕೆಟ್ಟುಗಳು. ಹೊಸದನ್ನು ಯಾಕೆ ಕೊಳ್ಳಬೇಕು? ಅವಳಿಗೆ ಹನ್ನೊಂದು ವರ್ಷ ಎರಡು ಹೊತ್ತು ಇನ್ಸುಲಿನ್ ಚುಚ್ಚಿದ ಕೈ ಇದು. ಬೆಕ್ಕಿನ ಔಷಧಿ ಕೊಟ್ಟ ದಿನ ಡಾಕ್ಟರಮ್ಮನ ಸಹಾಯಕಿ, "ಸಿರಿಂಜ್ ಹಿಡಿಯೋದು ತೋರಿಸ್ಲಾ ಅಂಕಲ್?" ಎಂದರೆ ನಾನು, "ನನಗಾ? ನಾನೇ ನಿನಗೆ ತೋರಿಸ್ತೀನಿ ಬಾರಮ್ಮ" ಎಂದಿದ್ದೆ. ಸೋಮವಾರ ಅವು ಮುಗಿದವು. ಔಷಧಿ ಅಂಗಡಿಯವನು ಬಾಟಲಿಯನ್ನು ತಿರುಗಿಸಿ ನೋಡಿ ಬೇರೆ ಬಣ್ಣದ ಮುಚ್ಚಳದ ಸಿರಿಂಜುಗಳನ್ನು ಕೊಟ್ಟ. ಬಣ್ಣ ಕಂಪನಿಯವರ ಶೋಕಿ ಎಂದುಕೊಂಡೆ. ಮಂಗಳವಾರ ಬೆಳಿಗ್ಗೆ ಎಂದಿನಂತೆ ಐದು ಗೆರೆಯವರೆಗೆ ಔಷಧಿ ಎಳೆದೆ, ಕೊಟ್ಟೆ.

ಹನ್ನೊಂದರ ಸುಮಾರಿಗೆ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಗೋಡೆಗೆ ತಲೆ ಒತ್ತುತ್ತಿದ್ದಳು. ಕರೆದರೆ ತಿರುಗಲಿಲ್ಲ. ಎರಡು ಹೆಜ್ಜೆ ಇಟ್ಟು ಹಿಂಗಾಲು ಮಡಚಿ ಬಿದ್ದಳು. ಎತ್ತಿಕೊಂಡರೆ ಒದ್ದೆ ಬಟ್ಟೆ ಎತ್ತಿದ ಹಾಗೆ. ಸಕ್ಕರೆ ಇಳಿದವರ ಮುಖ ನನಗೆ ಗೊತ್ತಿಲ್ಲದ್ದಲ್ಲ ಮಗಳೇ, ಬೆಕ್ಕಿನದಾದರೇನು. ಜೇನುತುಪ್ಪವನ್ನು ಬೆರಳಿಗೆ ಹಚ್ಚಿ ಒಸಡಿಗೆ ತಿಕ್ಕಿದೆ. ಬಾಗಿಲಿಗೆ ಬಂದು ಕೂಗಿದೆ. ಯಾರನ್ನು ಕೂಗಿದೆ ಹೇಳು? ಆ ಟೇಲರನ್ನೇ.

ಅವನು ಓಡಿ ಬಂದ. ಕತ್ತಿನಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಹಾಗೇ ಸ್ಕೂಟರ್ ತೆಗೆದ. ಹಿಂದೆ ಕೂತು ನಾನು ದಾರಿಯುದ್ದಕ್ಕೂ ಜೇನು ತಿಕ್ಕಿದೆ, ಅವಳ ಬಾಯಿಗೆ ಅರ್ಧ, ಅವನ ಅಂಗಿಯ ಬೆನ್ನಿಗೆ ಅರ್ಧ.

ನಂಬರು ಮೂವತ್ತೆಂಟು ಇತ್ತು. ಕಾಲಿಗೆ ಸೂಜಿ ಹಾಕಿ ಗ್ಲುಕೋಸ್ ಬಿಟ್ಟರು. ಅವಳು ಕಣ್ಣು ತಿರುಗಿಸಿ ನನ್ನನ್ನು ದುರುಗುಟ್ಟಿ ನೋಡಿದ ಮೇಲೆ ಡಾಕ್ಟರಮ್ಮ ಕೇಳಿದರು, "ಹಳೇ ಸಿರಿಂಜ್ ಇದೆಯಾ?" ಒಂದನ್ನು ಸೂಜಿ ಕಸಕ್ಕೆ ಹಾಕದೆ ಬಾಟಲಿಯ ಡಬ್ಬಿಯಲ್ಲೇ ಬಿಟ್ಟಿದ್ದೆ. ಟೇಲರು ಹೋಗಿ ತಂದ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಅಂಕಲ್, ಬೆಕ್ಕಿನ ಇನ್ಸುಲಿನ್ ಮೇಲೆ ಏನು ಬರೆದಿದೆ? ಒಂದು ಎಂಎಲ್‌ಗೆ ನಲವತ್ತು ಯೂನಿಟ್. ಆಂಟಿಯವರ ಸಿರಿಂಜ್ ಮೇಲೆ? ನೂರು. ಅದರ ಗೆರೆಗಳು ಸಣ್ಣವು. ನೀವು ಐದು ಅಂತ ಕೊಟ್ಟಿದ್ದೆಲ್ಲ ನಿಜವಾಗಿ ಎರಡೇ. ಇವತ್ತು ಸರಿಯಾದ ಸಿರಿಂಜಲ್ಲಿ ನಿಜವಾದ ಐದು ಹೋಗಿದೆ." ಆಮೇಲೆ, "ಯಾವ ಸಿರಿಂಜ್ ಅಂತ ನಾನೂ ಕೇಳ್ಬೇಕಿತ್ತು" ಎಂದರು.

ದ ಮಿಸ್ಟೇಕ್ ವಾಸ್ ಡನ್ ಬೈ ಮೀ. ಪ್ಯಾಸಿವ್ ವಾಯ್ಸಿನಲ್ಲಿ ಹೇಳಿದರೆ ತಪ್ಪು ಮಾರು ದೂರದಲ್ಲಿ ಕಾಣುತ್ತದೆ, ಅದಕ್ಕೇ ಹಾಗೆ ಬರೆದೆ. ಏನೂ ತಿಳಿಯದವನಾಗಿದ್ದರೆ ಆ ಸಹಾಯಕಿ ಹುಡುಗಿಯಿಂದ ಹೇಳಿಸಿಕೊಳ್ಳುತ್ತಿದ್ದೆ. ತಿಳಿದವನೆಂಬ ಕೊಬ್ಬು ಬೆಕ್ಕಿನ ಮೇಲೆ ಹೋಯಿತು.

ಈಗ ಎರಡೂವರೆ ಯೂನಿಟ್ಟಿನಿಂದ ಮತ್ತೆ ಶುರು. ಹೊಸ ಸಿರಿಂಜಿನಲ್ಲಿ ಆ ಅರ್ಧ ಗೆರೆ ಕಾಣಲು ಭೂತಗನ್ನಡಿ ಬೇಕು, ಅದೊಂದು ಹೊಸ ಪೀಡೆ. ಆದರೆ ನಿನ್ನೆ ಸಂಜೆ ಇನ್ನೂರ ಮೂವತ್ತು, ಇವತ್ತು ಬೆಳಿಗ್ಗೆ ಇನ್ನೂರ ಹತ್ತು. ನೀರಿನ ಬಟ್ಟಲು ಮಧ್ಯಾಹ್ನದವರೆಗೂ ಖಾಲಿಯಾಗಿಲ್ಲ. ಡಾಕ್ಟರಮ್ಮ ನಿನ್ನೆ, "ಮುಂದುವರಿಸಿ ಅಂಕಲ್, ನಿಮ್ಮ ಕೈ ಸ್ಥಿರವಾಗಿದೆ" ಎಂದರು. ನಿನ್ನ ಮನೆಗೆ ಬಂದರೆ ಏನಾಗುತ್ತದೆ? ನೀನು ಬೆಳಗಿನ ಕ್ಲಾಸಿಗೆ ಹೊರಡುವ ಹೊತ್ತೇ ಅವಳ ಸೂಜಿಯ ಹೊತ್ತು. ಅಳಿಯಂದಿರಿಗೆ ಬೆಕ್ಕೆಂದರೆ ಸೀನು. ಹೊಸ ಮನೆ, ಹೊಸ ಮಂಚ. ಅವಳು ಊಟ ಬಿಟ್ಟರೆ ಇನ್ಸುಲಿನ್ ಕೊಡುವ ಹಾಗಿಲ್ಲ, ಕೊಡದಿದ್ದರೆ ಇರುವ ಹಾಗಿಲ್ಲ. ಇದನ್ನು ನಿಧಾನವಾಗಿ ಯೋಚಿಸು. ನನ್ನ ಮೇಲಿನ ಕೋಪಕ್ಕೆ ಅವಳನ್ನು ಬುಟ್ಟಿಗೆ ಹಾಕಬೇಡ.

ಟೇಲರನ ಅಂಗಿಯನ್ನು ನಾನೇ ಒಗೆದುಕೊಟ್ಟೆ. "ಜೇನು ಹೋಯ್ತು, ಯಜಮಾನ್ರೇ, ಇರುವೆ ಇನ್ನೂ ಹುಡುಕ್ಕೊಂಡು ಬರ್ತಿವೆ" ಎನ್ನುತ್ತಾನೆ. ಅವನಿಗೆ ಒಂದು ಲೋಟ ನೀರು ಕೊಟ್ಟು, ಒಳ್ಳೆಯ ಮಾತಾಡಿ ಕಳಿಸು.

ನಿನ್ನ ಸ್ಟೇರಿಂಗು ಸದಾ ನಿನ್ನ ಕೈಯಲ್ಲಿರಲಿ, ಕಲಿಯುವವರು ನಿನ್ನನ್ನು ಸುರಕ್ಷಿತವಾಗಿ ಮನೆ ಮುಟ್ಟಿಸಲಿ, ಅಳಿಯಂದಿರ ಸೀನು ನಿಲ್ಲಲಿ. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ,
ಅಪ್ಪ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಮಂಗಳವಾರ ಸಂಜೆ ಫೋನಿನಲ್ಲಿ ನೀನು, "ಅಮ್ಮಂಗೂ ಹೀಗೇ ಕೊಡ್ತಿದ್ದೆಯೇನೋ, ಅದಕ್ಕೇ..." ಎಂದೆ. ಮುಂದೆ ಹೇಳದೆ ಫೋನ್ ಇಟ್ಟೆ. ನಿನ್ನ ಮೆಸೇಜುಗಳಲ್ಲಿ ಬೆಕ್ಕು ಇದೆ, ಬುಟ್ಟಿ ಇದೆ, ಭಾನುವಾರ ಇದೆ, ಆ ಮಾತಿನ ಉಳಿದರ್ಧ ಇಲ್ಲ. ನಿಮ್ಮಮ್ಮನ ಕೊನೆಯ ಇನ್ಸುಲಿನ್ ಬಾಟಲಿ ಇನ್ನೂ ಫ್ರಿಜ್ಜಿನ ಬಾಗಿಲಲ್ಲಿದೆ, ಎಸೆಯಲು ಆಗಿಲ್ಲ. ನೀನು ಫೋನ್ ಇಟ್ಟ ಮೇಲೆ ತೆಗೆದು ಓದಿದೆ. ನೂರು ಎಂದಿದೆ. ಅವಳ ಸಿರಿಂಜಿನ ಖಾಲಿ ಪ್ಯಾಕೆಟ್ಟಿನ ಮೇಲೂ ನೂರು. ಎರಡೂ ಒಂದೇ. ನನಗದು ಗೊತ್ತಿತ್ತು, ಆದರೂ ಬುಧವಾರ ಮತ್ತೆ ತೆಗೆದು ನೋಡಿದೆ. ನಿನ್ನೆ ನೋಡಿದೆ. ಇವತ್ತು ಬೆಕ್ಕಿನ ಔಷಧಿಗೆ ಕೈ ಹಾಕುವ ಮೊದಲು ಅದನ್ನೇ ನೋಡಿದೆ. ಭಾನುವಾರ ನೀನೂ ಬಂದು ಓದು. ಓದಿ, ಬಾಯಿಬಿಟ್ಟು ಹೇಳು, ನನಗೆ ಕೇಳಿಸುವ ಹಾಗೆ. ಬೆಕ್ಕಿನ ಮಾತು ಆಮೇಲೆ.