ಟಾರ್ಚ್ ಹಿಡಿದವಳು

ಅಪ್ಪ,

ನೀನು ಏಳುವ ಮೊದಲೇ ಹೊರಟಿದ್ದೇನೆ. ಕೆಲಸದ ಮೊದಲ ದಿನ ಮತ್ತೆ ಜಗಳ ಬೇಡ. ಶೂ ಲೇಸ್ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ್ದಾಯಿತು.

ಹಾಲು ಕಾಯಿಸಿಟ್ಟಿದ್ದೇನೆ. ಬಾಗಿಲ ತನಕ ಹೋದವಳು ವಾಪಸ್ ಬಂದು ನೋಡಿದೆ, ಗ್ಯಾಸ್ ಆಫ್ ಆಗಿದೆ. ಕಣ್ಣಿಗೆ ಹನಿ ಹಾಕಿಕೊಳ್ಳುವುದು ಮರೆಯಬೇಡ.

ನಿನ್ನ ಸ್ಪ್ಯಾನರ್ ಸೆಟ್ ಹುಡುಕಬೇಡ, ನನ್ನ ಬ್ಯಾಗಿನಲ್ಲಿದೆ. ಕೇಳಿದ್ದರೆ ನೀನು ಕೊಡುತ್ತಿರಲಿಲ್ಲ.

ಪಕ್ಕದ ಮನೆಯವರು ವಿಚಾರಿಸಿದರೆ "ಮಗಳು ಆಫೀಸಿಗೆ ಹೋಗಿದಾಳೆ" ಅಂತ ಸುಳ್ಳು ಹೇಳಬೇಡ. ಲಿಫ್ಟ್ ರಿಪೇರಿಗೆ ಹೋಗಿದಾಳೆ ಅನ್ನು. ನೀನು ಜೀವಮಾನವಿಡೀ ಮಾಡಿದ ಕೆಲಸವನ್ನೇ ನಾನು ಮಾಡಿದರೆ ನಿನ್ನ ಮಾನ ಹೇಗೆ ಹೋಗುತ್ತದೆ ಅನ್ನುವುದು ಎಷ್ಟು ಯೋಚಿಸಿದರೂ ನನ್ನ ತಲೆಗೆ ಹತ್ತುತ್ತಿಲ್ಲ.

ಅಣ್ಣನಿಗೆ ಕೆಲಸ ಕಲಿಸುವಾಗಲೆಲ್ಲ ನನಗೆ, "ನೀನು ಟಾರ್ಚ್ ಹಿಡ್ಕೊಂಡು ನಿಂತ್ಕೋ, ಸಾಕು" ಅಂತಿದ್ದೆ. ಅವನು ಬೇಜಾರಾಗಿ ಆಟಕ್ಕೆ ಓಡುತ್ತಿದ್ದ. ನಾನು ಕೈ ಸೋತರೂ ನಿಂತೇ ಇರುತ್ತಿದ್ದೆ. ಬೆಳಕು ಹಿಡಿದವಳಿಗೂ ಎಲ್ಲ ಕಾಣುತ್ತದೆ ಅಂತ ನಿನಗೆ ಹೊಳೆಯಲೇ ಇಲ್ಲ.

ಹಾಲ್‌ನ ಫ್ಯಾನ್ ಮತ್ತೆ ಸದ್ದು ಮಾಡುತ್ತಿದೆ. ನಿನಗೀಗ ಸ್ಕ್ರೂ ಕಾಣುವುದಿಲ್ಲ, ಹಟಕ್ಕೆ ಬಿದ್ದು ಸ್ಟೂಲ್ ಹತ್ತಬೇಡ. ಸಂಜೆ ಬಂದು ನಾನೇ ಬಿಚ್ಚುತ್ತೇನೆ. ಟಾರ್ಚ್‌ಗೆ ಹೊಸ ಸೆಲ್ ಹಾಕಿ ನಿನ್ನ ದಿಂಬಿನ ಪಕ್ಕ ಇಟ್ಟಿದ್ದೇನೆ.

ನೀನು ಹಿಡ್ಕೊಂಡು ನಿಂತ್ಕೋ, ಸಾಕು.