ಈಜು ಬಿಟ್ಟ ಇಲಿ

ಮಾಜಾಳಿ
ಭಾನುವಾರ, ೩ ಸೆಪ್ಟೆಂಬರ್ ೨೦೦೬

ಚಿರಂಜೀವಿ ಮನಿಷಾಳಿಗೆ ಅಜ್ಜನ ಆಶೀರ್ವಾದ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಕೈಯಲ್ಲಿ ಕಾಗದ ಬರೆಸುವುದು ಯಾವ ಊರಿನ ನ್ಯಾಯ? ಬಲೆ ಹೆಣೆದ ಬೆರಳಿಗೆ ಪೆನ್ನು ನಿಲ್ಲುವುದಿಲ್ಲ. ಫೋನಿನಲ್ಲಿ ಹೇಳುತ್ತೇನೆಂದರೆ ನೀನು, "ಬೇಡ ಅಜ್ಜ, ತಾರೀಕು ಹಾಕಿ ಬರೆದು ಕಳ್ಸು, ನಮ್ಮ ಕಾಲೇಜಿನ ಮೇಡಂಗೆ ತೋರಿಸೂಕೆ ಬೇಕು" ಎಂದೆ. ಆಯಿತು. ಹೇಗೂ ಫೋನು ಇರುವುದು ಅಡುಗೆಮನೆಯ ಗೋಡೆಗೆ, ನನ್ನದು ದೋಣಿಯಿಂದ ದೋಣಿಗೆ ಕೂಗಿದ ಗಂಟಲು. ನಾನು ಇಲ್ಲಿ ಗುಟ್ಟು ಹೇಳಿದರೆ ಪಕ್ಕದೂರು ಚಿತ್ತಾಕುಲದಲ್ಲಿ ಕೇಳಿಸುತ್ತದೆ. ನಿನ್ನ ಕೆಮ್ಮು ಹೋಯಿತೇ? ಧಾರವಾಡದ ಥಂಡಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ತಿರುಗು. ಚೆಂದ ಕೆಟ್ಟರೆ ಕೆಡಲಿ.

ಇನ್ನು ನಿನ್ನ ಅಜ್ಜಿ ಕಾಶಿಯ ಸುದ್ದಿ. ನೀನು ಕಳಿಸಿದ ಪ್ರಶ್ನೆಗಳಲ್ಲಿ ಮೊದಲನೆಯದೇ "ಅಜ್ಜಿಗೆ ಬೇಸರ ಹಿಡಿಯಲು ಕಾರಣ ಏನು" ಅಂತ. ಗೊತ್ತಿದ್ದರೆ ನಾನೇ ಹೋಗಿ ಅದರ ಕುತ್ತಿಗೆ ಹಿಡಿಯುತ್ತಿದ್ದೆ. ಪ್ರತಿ ವರ್ಷ ಮಳೆಗಾಲಕ್ಕೆ ಮೀನಿನ ಬುಟ್ಟಿಯನ್ನು ಅಟ್ಟಕ್ಕೆ ಹಾಕುತ್ತಾಳೆ, ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮರುದಿನ ಇಳಿಸುತ್ತಾಳೆ. ಈ ಸಲ ಹುಣ್ಣಿಮೆ ಹೋಯಿತು, ಬುಟ್ಟಿ ಇಳಿಯಲಿಲ್ಲ. ಗೋಡೆಗೆ ಒರಗಿ ಕೂತವಳು ಕೂತೇ ಇದ್ದಳು. ತಲೆಯ ಡಾಕ್ಟರು ಅಂದರೆ ಅವಳು ಹೊಸ್ತಿಲು ದಾಟುವವಳಲ್ಲ, ಅದಕ್ಕೆ ಮಂಡಿನೋವು ತೋರಿಸೋಣ ಎಂದು ಸುಳ್ಳು ಹೇಳಿ ಆಗಸ್ಟ್ ಹನ್ನೊಂದಕ್ಕೆ ಕಾರವಾರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಗುಳಿಗೆ ಕೊಟ್ಟು, ಗುಣ ಕಾಣಲು ನಾಲ್ಕು ವಾರ ಬೇಕು ಎಂದರು. ನಾಲ್ಕು ವಾರ! ಅಷ್ಟರಲ್ಲಿ ಒಂದು ಹೊಸ ದೋಣಿ ಕಟ್ಟಬಹುದು.

ನನಗೆ ತಡೆಯಲಾಗಲಿಲ್ಲ. ಬಸ್ಸು ಹತ್ತಿ ಅಂಕೋಲೆಗೆ ಹೋಗಿ, ನಾಟಿ ಮದ್ದು ಕೊಡುವ ಬೀರಾನಿಂದ ಬೇರು ತಂದು ಇಪ್ಪತ್ತೆರಡಕ್ಕೆ ಶುರು ಮಾಡಿದೆ. ಇಪ್ಪತ್ತೊಂದು ದಿನ ಪಥ್ಯ, ಮೀನು ತಿನ್ನುವ ಹಾಗಿಲ್ಲ. ಅದನ್ನು ಕೇಳಿ ನಿನ್ನ ಅಜ್ಜಿ ತಲೆಯೆತ್ತಿ, "ಮೀನಿಲ್ದೆ ಗಂಜಿ ಉಣ್ಣೂಕೆ ನಾ ಎಂತಾ ಭಟ್ಟರ ಮನೆಯವಳಾ?" ಎಂದಳು. ಎರಡು ತಿಂಗಳಲ್ಲಿ ಅವಳು ಆಡಿದ ಮೊದಲ ಪೂರ್ತಿ ಮಾತು ಅದು. ನಾನು ಎದ್ದು ಹಿತ್ತಿಲಿಗೆ ಹೋಗಿ ನಿಂತುಕೊಂಡೆ. ಇದನ್ನು ಮೇಡಂಗೆ ತೋರಿಸಬೇಡ.

ಕಳೆದ ಗುರುವಾರ ಅವಳೇ ಬುಟ್ಟಿ ಇಳಿಸಿ ಪಕ್ಕದ ಮನೆಯ ಜಯಂತಿಯ ಜೊತೆ ಕಾರವಾರದ ಪೇಟೆಗೆ ಹೋದಳು. ಬಂಗಡೆ ಮೂಸಿ ನೋಡಿದ ಗಿರಾಕಿಗೆ, "ಮೂಗಿನಿಂದ ತಿಂತೀಯೇನು?" ಎಂದು ಕೇಳಿದಳಂತೆ. ಈಗ ಬೀರಾ, "ನನ್ನ ಬೇರು ಹಿಡಿಯಿತು" ಅನ್ನುತ್ತಾನೆ. ಡಾಕ್ಟರನ್ನು ಕೇಳಿದರೆ "ನನ್ನ ಗುಳಿಗೆ" ಎಂದಾರು. ಒಂದೇ ಹೆಂಗಸು, ಎರಡು ಮದ್ದು. ನೀವು ಕಾಲೇಜಿನಲ್ಲಿ ಗಿಡದ ಮದ್ದನ್ನೂ ಡಾಕ್ಟರ ಮದ್ದನ್ನೂ ಇಟ್ಟುಕೊಂಡು ಇದನ್ನೇ ತಾನೆ ಹುಡುಕುವುದು? ಹುಡುಕಿ ಹೇಳು ಎಂದರೆ ನನಗೇ ಮೂವತ್ತು ಪ್ರಶ್ನೆ ಕಳಿಸಿದ್ದೀ.

ನಿಮ್ಮ ಕಾಲೇಜಿನಲ್ಲಿ ಮಾಡುತ್ತಾರೆ ಎಂದು ನೀನು ಹೇಳಿದ ಆ ಇಲಿಯ ವಿಷಯವೂ ನನಗೆ ಸರಿಹೋಗಲಿಲ್ಲ. ಇಲಿಯನ್ನು ನೀರಿಗೆ ಬಿಡುತ್ತೀರಿ, ಕೈಕಾಲು ಬಡಿಯದೆ ತೇಲಿದರೆ ಬೇಸರ ಹಿಡಿದಿದೆ, ಮದ್ದು ಕೊಟ್ಟ ಮೇಲೆ ಹೆಚ್ಚು ಹೊತ್ತು ಬಡಿದರೆ ಗುಣವಾಯಿತು ಎಂದು ಬರೆದುಕೊಳ್ಳುತ್ತೀರಿ. ನಿಮ್ಮ ಮೇಡಂ ಎಂದಾದರೂ ಸಮುದ್ರಕ್ಕೆ ಬಿದ್ದಿದ್ದಾರೆಯೇ? ಕಾಳಿ ಅಳಿವೆಯಲ್ಲಿ ದೋಣಿ ಮಗುಚಿದ ದಿನ ಕೈಕಾಲು ಬಡಿದ ನನ್ನ ಜೊತೆಗಾರ ಜಟ್ಟು ಬೇಗ ಮುಳುಗಿದ. ನಾನು ಮೈ ಸಡಿಲ ಬಿಟ್ಟು ಆಕಾಶ ನೋಡುತ್ತ ತೇಲಿದೆ, ಅದಕ್ಕೇ ನಿನಗೆ ಬೈಯಲು ಉಳಿದಿದ್ದೇನೆ. ಆದರೆ ಗೋಡೆಗೆ ಒರಗಿದ ಕಾಶಿಯನ್ನು ನೋಡಿದಾಗ ಅವಳು ತೇಲುತ್ತಿದ್ದಾಳೋ ಮುಳುಗುತ್ತಿದ್ದಾಳೋ ನನಗೂ ತಿಳಿಯಲಿಲ್ಲ. ಐವತ್ತು ವರ್ಷ ನೀರು ನೋಡಿದವನಿಗೆ ತಿಳಿಯಲಿಲ್ಲ.

ಹೊಟ್ಟೆ ತುಂಬ ಉಣ್ಣು. ದೇವರು ಒಳ್ಳೆಯದು ಮಾಡಲಿ.

ನಿನ್ನ ಅಜ್ಜ,
ತುಳಸಿದಾಸ

ತಾ.ಕ.: ಗುರುವಾರದಿಂದ ಅವಳ ಕೈ ನಡುಗುತ್ತಿದೆ. ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ, ನನಗೆ ಕಾಣುವುದಿಲ್ಲ ಎಂದುಕೊಂಡಿದ್ದಾಳೆ. ಮೊನ್ನೆ ಮತ್ತೆ ಗುಳಿಗೆ ತರಲು ಹೋದಾಗ, ಬೇರೆ ಮದ್ದು ಕೊಡುತ್ತಿದ್ದೀರಾ ಎಂದು ಡಾಕ್ಟರು ಕೇಳಿದರೆ ನಾನು ಇಲ್ಲ ಎಂದೆ. ಬೀರಾ ಹನ್ನೊಂದನೇ ತಾರೀಕು ಸೋಮವಾರ ಪಥ್ಯ ಮುಗಿಯುವ ದಿನದಿಂದ ಗುಳಿಗೆ ನಿಲ್ಲಿಸಿ ಅನ್ನುತ್ತಿದ್ದಾನೆ. ಗಿಡದ ಹೆಸರು ಬಾಯಿಂದ ಹೊರಬಿದ್ದರೆ ಮದ್ದಿನ ಗುಣ ಹೋಗುತ್ತದೆ ಎಂದು ಆಣೆ ಹಾಕಿಸಿಕೊಂಡಿದ್ದಾನೆ, ಹಾಗಾಗಿ ಹೇಳಿಲ್ಲ, ಬರೆದೂ ಇಲ್ಲ. ಆದರೆ ಬೇರಿನ ಕಟ್ಟಿನಲ್ಲಿ ಒಂದು ಎಲೆ ಉಳಿದಿತ್ತು. ಈ ಕಾಗದದ ಮಡಿಕೆಯಲ್ಲಿದೆ, ಡಾಕ್ಟರ ಚೀಟಿ ನೋಡಿ ಗುಳಿಗೆಯ ಹೆಸರನ್ನೂ ಹಿಂದುಗಡೆ ಬರೆದಿದ್ದೇನೆ. ಯಾವುದನ್ನು ನಿಲ್ಲಿಸಬೇಕು, ಡಾಕ್ಟರಿಗೆ ಏನು ಹೇಳಬೇಕು, ಎರಡು ಸಾಲು ಸಾಕು. ಒಂಬತ್ತನೇ ತಾರೀಕು ಶನಿವಾರದೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.