ಬೆಳಗಿನ ಹೆಸರು

ಶಾಲೆಯ ಸ್ಟಾಫ್ ರೂಮಿನಿಂದ,
ಜುಲೈ ೧೧, ಶುಕ್ರವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೆ? ಭಾವನವರ ಬಿ.ಪಿ. ಹತೋಟಿಯಲ್ಲಿದೆಯೆ? ಅಮ್ಮ ಆರಾಮ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದು ಎಂದಿನಂತೆ ನಡೆದಿದೆ. ನಾನು ಬರುವುದು ತಡವಾದರೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ.

ಫೋನ್ ಮಾಡಿದಾಗಲೆಲ್ಲ "ನಿಂಗೇನೇ, ಸರ್ಕಾರಿ ಸ್ಕೂಲು, ಕೂತ್ಕೊಂಡು ಸಂಬಳ" ಅನ್ನುತ್ತೀಯಲ್ಲ, ಹೇಗೆ ಕೂತಿದ್ದೇನೆ ಅಂತ ಓದು. ಫೋನಿನಲ್ಲಿ ಹೇಳಿದರೆ ಅಮ್ಮನ ಕಿವಿಗೆ ಬೀಳುತ್ತದೆ. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಎದುರು ರಸ್ತೆಯ ಟೈ ಕಟ್ಟುವ ಸ್ಕೂಲಿಗೆ ಹೋಗಿ ವರ್ಷಗಳಾದವು. ಹಾಜರಿ ಪುಸ್ತಕದಲ್ಲಿರುವ ಅವರ ಹೆಸರುಗಳನ್ನು ಮಾತ್ರ ನಾವು ಬಿಟ್ಟುಕೊಟ್ಟಿಲ್ಲ. ಹೆಸರು ಹೋದರೆ ಶಾಲೆ ಮುಚ್ಚುತ್ತಾರೆ. ಅದಕ್ಕೇ ತಪಾಸಣೆ ಬಂತೆಂದರೆ ಪಕ್ಕದ ಬೀದಿಯ ಸರ್ಕಾರಿ ಶಾಲೆಯಿಂದ ಮಕ್ಕಳನ್ನು ಎರವಲು ತರುತ್ತೇವೆ. ಅವರಿಗೆ ತಪಾಸಣೆಯಾದಾಗ ನಮ್ಮವರು ಹೋಗುತ್ತಾರೆ. ಇದು ಇಬ್ಬರು ಹೆಡ್‌ಮಾಸ್ಟರರ ಹಳೆಯ ಒಪ್ಪಂದ. ಈ ಸಲ ನಾನು ಮಗ್ಗಿ ಬದಿಗಿಟ್ಟು ಎರವಲು ಮಕ್ಕಳಿಗೆ ಹೆಸರು ಕಲಿಸಿದೆ: ನೀನು ಇವಳು, ನೀನು ಅವನು, ಕೇಳಿದರೆ ಅಪ್ಪನ ಹೆಸರು ಇದು.

ಹೋದ ತಿಂಗಳ ಒಂದು ಬುಧವಾರ ಬೆಳಿಗ್ಗೆ ಅಧಿಕಾರಿ ಬಂದರು. ಒಂದು ಮಗುವೂ ತಪ್ಪಲಿಲ್ಲ. ಅವರು ಕಾಫಿ ಕುಡಿದು ಖುಷಿಯಾಗಿ ಹೊರಟರು. ಊಟದ ಹೊತ್ತಿಗೆ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ಅವರ ಶಾಲೆಗೆ ಬಿಟ್ಟೆ. ನಾನಿನ್ನೂ ತರಗತಿಯ ಬಾಗಿಲಲ್ಲಿದ್ದೆ, ಹೇಳದೆ ಕೇಳದೆ ಅಧಿಕಾರಿಯ ಜೀಪು ಅಲ್ಲಿಗೂ ಬಂತು. ಮುಂದಿನ ಬೆಂಚಿನ ಗಿಡ್ಡ ಹುಡುಗಿಯ ಹೆಸರು ಕೇಳಿದರು. ಅವಳು ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. "ಬೆಳಿಗ್ಗೆ ಹೇಳಿದ್ನಲ್ಲ, ಅದು ಹೇಳ್ಲಾ ಸಾರ್? ಮನೇದು ಹೇಳ್ಲಾ?"

ಅಧಿಕಾರಿ ನಕ್ಕರು ಅಕ್ಕಾ, ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. ಅವರು ನಕ್ಕರೆಂದು ಮಕ್ಕಳು ನಕ್ಕರು, ಮಕ್ಕಳು ನಕ್ಕರೆಂದು ನಾನೂ ನಕ್ಕೆ. "ಪಾಠ ಚೆನ್ನಾಗೇ ಮಾಡಿದ್ದೀರಿ ಮೇಡಂ" ಅಂದರು. ಆಮೇಲೆ ಜೀಪಿನಲ್ಲಿ ಕೂತು ಬರೆಯತೊಡಗಿದರು, ಆಗ ನಗು ಇರಲಿಲ್ಲ. ನಮ್ಮ ಹೆಡ್‌ಮಾಸ್ಟರರಿಗೆ ಇವತ್ತಿಗೂ ಒಂದೇ ಕೊರಗು: "ಅಂಥ ಚುರುಕು ಮಗು ಒಂದು ನಮ್ಮಲ್ಲಿದ್ದಿದ್ರೆ!" ಆ ಚುರುಕು ಮಗುವಿಗೆ ನಾನು ಕಲಿಸಿದ ಪಾಠ ಅದೊಂದೇ.

ಭಾವನವರಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ನನ್ನ ಮುತ್ತು.

ನಿನ್ನ ತಂಗಿ,
ಪುಟ್ಟಿ

ಮರೆತಿದ್ದೆ: ಆದೇಶ ಇವತ್ತು ಬಂತು. ಶಾಲೆ ಮುಚ್ಚುತ್ತಿದ್ದಾರೆ. ನನ್ನನ್ನು ರೈಲಿನಲ್ಲಿ ಇಡೀ ದಿನ ಹಿಡಿಯುವ ಊರಿಗೆ ಹಾಕಿದ್ದಾರೆ. ಫೋನಿನಲ್ಲಿ ವಿಚಾರಿಸಿದರೆ ಅಲ್ಲಿ ಸಿಗುವುದು ಮೂರನೇ ಮಹಡಿಯ ಒಂದು ಕೋಣೆ, ಅಮ್ಮ ಹತ್ತಲಾರಳು. ಅವಳಿಗೆ ಹೇಳಿಲ್ಲ. ಈ ಕಾಗದ ಸಿಕ್ಕ ಮೇಲೆ ಬರುವ ಭಾನುವಾರ ಫೋನ್ ಮಾಡಿ ನೀನೇ ಕರೆ: "ಅಮ್ಮಾ, ನಿನ್ನ ಬಿಟ್ಟು ಇರಕ್ಕಾಗ್ತಿಲ್ಲ, ಬಂದು ನನ್ನ ಜೊತೆ ಇರು" ಅಂತ. ಎರಡು ಸಲ ಬಾಯಿಪಾಠ ಮಾಡಿಕೋ. ನಾನು ಹೇಳಿಕೊಟ್ಟದ್ದು ಅಂತ ಅವಳಿಗೆ ಗೊತ್ತಾಗಬಾರದು.